ಅಪ್ಪಯ್ಯನಿಗೆ ಎರಡು ಅಂಕಿ

('ತೋಟದ ಮನೆ' ಗುಂಪು, ಭಾನುವಾರ ರಾತ್ರಿ)

ನಾನು: (ಪಿಡಿಎಫ್, 2 ಪುಟ) ಅಪ್ಪಯ್ಯನಿಗೆ ಎಡಭಾಗ ಲಕ್ವ ಹೊಡೆದು ಹನ್ನೊಂದು ತಿಂಗಳಾಯ್ತು. ಫಿಸಿಯೋಥೆರಪಿಯಲ್ಲಿ ನಾವು ಬಳಸೋ ಐಸಿಎಫ್ ಚೌಕಟ್ಟಿನಲ್ಲಿ, ಅಂದ್ರೆ ಒಬ್ಬರಿಗೆ ಯಾವ ಕೆಲಸ ಎಷ್ಟಾಗುತ್ತೆ ಅಂತ ನಂಬರ್ ಕೊಟ್ಟು ಬರೆಯೋ ಪಟ್ಟಿಯಲ್ಲಿ, ಅವರು ಈಗ ಹೇಗಿದ್ದಾರೆ ಅಂತ ಬರೆದಿದ್ದೇನೆ. ಎಲ್ಲರೂ ಓದಿ.

ಅಣ್ಣ: ಎಂತದೇ ಇದು? ಬಿ, ಡಿ, ಇ ಅಂತ ಸರ್ವೆ ನಂಬರ್ ಕೊಟ್ಟ ಹಾಗೆ. ಅಂಗವೈಕಲ್ಯದ ಸರ್ಟಿಫಿಕೇಟಲ್ಲಿ ಶೇ. 50 ಅಂತ ಬರೆದು ಕೊಟ್ಟಾಗಿದೆ, ಕಾರ್ಡೂ ಬಂತು. ಇನ್ನು ಇದು ಎಂತಕ್ಕೆ?

ನಾನು: ಆ 50 ಬೇಕೇ ಬೇಕು ಅಣ್ಣ. 2016ರ ಕಾಯ್ದೆ ಪ್ರಕಾರ ಸವಲತ್ತು ಸಿಗಬೇಕಾದ್ರೆ ಕನಿಷ್ಠ 40 ಇರಬೇಕು. ಆದ್ರೆ ಅದು ಶಿವಮೊಗ್ಗದ ನನ್ನ ಬಾಡಿಗೆ ಮನೇಲೂ 50, ನಮ್ಮ ಅಂಗಳದಲ್ಲೂ 50. ಅಪ್ಪಯ್ಯ ಹಾಗಿಲ್ಲ. ನನ್ನ ಹತ್ರ ಇದ್ದ ಒಂದು ತಿಂಗಳು ಕೋಲು ಹಿಡಿದು ಒಬ್ಬರೇ ಬಚ್ಚಲಿಗೆ ಹೋಗ್ತಿದ್ರು. ಊರಿಗೆ ಬಂದ ಮಾರನೇ ದಿನದಿಂದ ಜಗುಲಿ ಬಿಟ್ಟು ಏಳ್ಲಿಲ್ಲ.

ತಮ್ಮ: ಅಕ್ಕ, ಈ 0ಯಿಂದ 4? 4 ಅಂದ್ರೆ ಒಳ್ಳೇದಾ?

ನಾನು: ಉಲ್ಟಾ. 0 ಅಂದ್ರೆ ತೊಂದರೆ ಇಲ್ಲ, 4 ಅಂದ್ರೆ ಆಗೋದೇ ಇಲ್ಲ. 'ಡಿ 4502' ನೋಡು, ಬೇರೆ ಬೇರೆ ಥರದ ನೆಲದ ಮೇಲೆ ನಡೆಯೋದು. ಅಲ್ಲಿ ಎರಡು ಅಂಕಿ ಉಂಟು. ಅಡ್ಡಿಯಿಲ್ಲದ ಜಾಗದಲ್ಲಿ ಅವರ ಕೈಲಿ ಎಷ್ಟಾಗುತ್ತೆ ಅನ್ನೋದಕ್ಕೆ 1. ಇರೋ ಜಾಗದಲ್ಲಿ ನಿಜಕ್ಕೂ ಎಷ್ಟು ಮಾಡ್ತಾರೆ ಅನ್ನೋದಕ್ಕೆ 3. 1 ಅವರ ಕಾಲಿಂದು. ಅದು 3 ಆಗಿದ್ದು ಪಾಚಿ ಹಿಡಿದ ಅಂಗಳದಿಂದ, ಬಚ್ಚಲ ಹೊಸ್ತಿಲಿಂದ, ಬೇಲಿ ದಾಟೋ ದಣಪೆಯಿಂದ. ಅವನ್ನೆಲ್ಲ 'ಇ' ಪಟ್ಟಿಯಲ್ಲಿ, ಅಂದ್ರೆ ಸುತ್ತಲಿನ ಪರಿಸರದ ಪಟ್ಟಿಯಲ್ಲಿ ಬರೆದಿದ್ದೇನೆ. ಮಳೆಗೂ ಅಲ್ಲಿ ಒಂದು ನಂಬರ್ ಇದೆ, ಇ 2253.

ಭಾವ: ಗಟ್ಟಿ ಕಾಲಿನವರೇ ಆಷಾಢದಲ್ಲಿ ಅಂಗಳದಲ್ಲಿ ಜಾರಿ ಬೀಳ್ತೇವೆ. ಮಲೆನಾಡಲ್ಲಿದ್ದು ಮಳೆಯನ್ನ ದೂರಿದ್ರೆ ಹೇಗೆ ಮಾರಾಯ್ತಿ?

ನಾನು: ಮಳೆ ನಿಲ್ಲಿಸೋದು ಬೇಡ ಭಾವ. ಜಗುಲಿಯಿಂದ ಬಚ್ಚಲವರೆಗೆ ಅಡಿಕೆ ದಬ್ಬೆ ಹಾಸಿ, ಬಲಗೈಗೆ ಸಿಗೋ ಹಾಗೆ ಒಂದು ಬಿದಿರು ಕಟ್ಟಿದ್ರೆ ಸಾಕು.

ಅಣ್ಣ: ಕಾಯಿಲೆ ಅವರದ್ದು. ಅದರಲ್ಲಿ ಮನೆ ಎಂತಕ್ಕೆ ಬರಬೇಕು?

ನಾನು: ಮೊದಲು ವಿಶ್ವ ಆರೋಗ್ಯ ಸಂಸ್ಥೆಯವರೂ ಹಾಗೇ ಬರೀತಿದ್ರು. 1980ರ ಅವರ ಪಟ್ಟಿಯಲ್ಲಿ ಕಾಯಿಲೆಯಿಂದ ಊನ, ಊನದಿಂದ ಅಸಾಮರ್ಥ್ಯ, ಅದರಿಂದ ಸಮಾಜದಲ್ಲಿ ಹಿಂದೆ ಬೀಳೋದು, ಹೀಗೆ ಒಂದೇ ದಿಕ್ಕು. ಅದನ್ನ ಬಿಟ್ಟು 2001ರಲ್ಲಿ ಈ ಐಸಿಎಫ್ ಒಪ್ಪಿದ್ರು. ಸುತ್ತಲಿನ ಜಾಗ, ಜನ ಎಲ್ಲ ಇದರಲ್ಲಿ ಲೆಕ್ಕಕ್ಕೆ ಬಂತು.

ಅತ್ತಿಗೆ: ಜನ ಅಂದ್ರೆ ನಾನೇ ಅಲ್ವಾ? ಎರಡನೇ ಪುಟದಲ್ಲಿ ಓದಿದೆ. 'ಇ 410, ಮನೆಯವರ ಮನೋಭಾವ: ಅಡ್ಡಿ 2'. ಹನ್ನೊಂದು ತಿಂಗಳಿಂದ ಮಾವನಿಗೆ ನೀರು ಕಾಯಿಸಿ ಮೀಯಿಸಿದವರು ನಾವು. ರಾತ್ರಿ ಮೂರು ಸಲ ಏಳೋರು ನಾವು. ನಾವು ಅಡ್ಡಿಯಾ?

ಅಣ್ಣ: ಇದನ್ನ ಮೊದಲು ಅಳಿಸು.

ನಾನು: ಅತ್ತಿಗೆ, ಅದರ ಮೇಲಿನ ಸಾಲನ್ನೂ ನೋಡಿ. 'ಇ 310, ಮನೆಯವರ ಆಸರೆ', ಅಲ್ಲಿ +4 ಹಾಕಿದ್ದೇನೆ. ಅದಕ್ಕಿಂತ ಜಾಸ್ತಿ ಹಾಕೋಕೆ ಜಾಗವೇ ಇಲ್ಲ. ಕೂಡಿಸು ಗುರುತು ಇದ್ರೆ ಸಹಾಯ ಅಂತ. ನೀವಿಲ್ಲದಿದ್ರೆ ಅವರು ಇಷ್ಟು ಚೇತರಿಸ್ಕೊಳ್ತಿರ್ಲಿಲ್ಲ, ಅದು ನಂಗೆ ಗೊತ್ತು. ಆಸರೆ ಬೇರೆ, ಮನೋಭಾವ ಬೇರೆ ಅಂತ ಈ ಚೌಕಟ್ಟೇ ಎರಡು ಅಧ್ಯಾಯ ಮಾಡಿದೆ. 'ಬೀಳ್ತಾರೆ, ಏಳೋದು ಬೇಡ' ಅಂತ ನಾವೆಲ್ಲ ಹೇಳ್ತೇವಲ್ಲ, ಆ 2 ಅದಕ್ಕೆ. ಫೋನಲ್ಲಿ ಎಲ್ಲರಿಗಿಂತ ಹೆಚ್ಚು ಹೇಳೋಳು ನಾನೇ.

ಅಣ್ಣ: ಬಿದ್ದು ಸೊಂಟ ಮುರಿದ್ರೆ ಯಾರು ನೋಡ್ತಾರೆ? ಶಿವಮೊಗ್ಗದಲ್ಲಿ ಕೂತು ಬರೆಯೋದು ಸುಲಭ.

ತಮ್ಮ: ಒಂದು ಮಾತು. ಇದನ್ನ ಹಾಕೋ ಮೊದಲು ಅಪ್ಪಯ್ಯನ್ನ ಕೇಳಿದ್ಯಾ ಅಕ್ಕ?

ನಾನು: ಇಲ್ಲ.

ನಾನು: ತಪ್ಪು ನಂದೇ. ಆ ವ್ಯಕ್ತಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ಅವರನ್ನೂ ಕೂರಿಸ್ಕೊಂಡು ಬರೀಬೇಕು ಅಂತ ಐಸಿಎಫ್ ಪುಸ್ತಕದ ಕೊನೆಯಲ್ಲೇ ಇದೆ. ಅಳಿಸ್ತೇನೆ. ನಾಳೆ ಫೋನಲ್ಲಿ ಒಂದೊಂದೇ ಸಾಲು ಅವರಿಗೆ ಓದ್ತೇನೆ.

(ಈ ಸಂದೇಶವನ್ನು ಅಳಿಸಲಾಗಿದೆ)

(ಸೋಮವಾರ ಸಂಜೆ)

ಅತ್ತಿಗೆ: (ಧ್ವನಿ ಸಂದೇಶ) ಮಾವ ಮಾತಾಡಿದ್ದಾರೆ.

ತಮ್ಮ: ಆಫೀಸಲ್ಲಿದ್ದೇನೆ, ಯಾರಾದ್ರೂ ಬರೆದು ಹಾಕಿ.

ನಾನು: ಅವರು ಹೇಳಿದ್ದನ್ನ ಹಾಗೇ ಬರೀತೇನೆ. "ಪಟ್ಟಿ ಪೂರ್ತಿ ಕೇಳಿದೆ. ಕಕ್ಕಸಿನ ವಿಷಯ ಗುಂಪಲ್ಲಿ ಬೇಡ, ಅದು ನಿನ್ನ ಹತ್ರ ಇರ್ಲಿ. ಉಳಿದದ್ದು ಸರಿ ಉಂಟು, ಒಂದು ಬಿಟ್ಟು. ಗಿಡ ನೋಡ್ಕೊಳ್ಳೋದು ಅಂತ ಇದ್ಯಲ್ಲ, ಅದಕ್ಕೆ 3 ಹಾಕಿದ್ದೀಯ. 4 ಹಾಕು. ಹೋದ ಗೌರಿ ಹಬ್ಬದಿಂದ ನಾನು ತೋಟ ಕಂಡಿಲ್ಲ. ಅಡಿಕೆಗೆ ಕೊಳೆ ರೋಗ ಬಂದಿದೆ ಅಂತ ಇವರು ಅಡುಗೆಮನೇಲಿ ಮಾತಾಡೋದು ಕೇಳ್ತದೆ. ಹಳ್ಳದ ಕಡೆಗೋ ಗುಡ್ಡದ ಕಡೆಗೋ, ಯಾರೂ ನನಗೆ ಹೇಳೋದಿಲ್ಲ."

(ರಾತ್ರಿ 9.40)

ಅಣ್ಣ: ಹಳ್ಳದ ಕಡೆಗೆ ಅಂತ ಈಗ ಅವರ ಹತ್ರ ಕೂತು ಹೇಳಿ ಬಂದೆ. ಔಷಧಿ ಹೊಡೆಸಿದ್ದು ತಡ ಆಯ್ತು ಅಂತ ಬೈದ್ರು. ನಾಳೆ ದಬ್ಬೆ ಸೀಳಿಸ್ತೇನೆ, ಅಂಗಳಕ್ಕೆ. ತೋಟಕ್ಕೆ ಅಂತ ಹಳ್ಳದ ಸಂಕ ದಾಟಿಸೋದಕ್ಕೆ ಮಾತ್ರ ನಾನು ಒಪ್ಪೋದಿಲ್ಲ, ಈ ಮಳೇಲಿ.

ನಾನು: ಸಂಕದ ಮಾತು ಅವರ ಹತ್ರವೇ ಆಡು ಅಣ್ಣ.

ಅತ್ತಿಗೆ: ಬಚ್ಚಲ ಹೊಸ್ತಿಲು ಒಂಬತ್ತು ಇಂಚು ಇದೆ. ಈಗ ಟೇಪ್ ಹಿಡಿದು ನೋಡಿದೆ.