ಧೂಮಕೇತುವಿನ ಒಡಲಿನ ತಾಪಮಾನ: ಮಾದರಿಯ ತಳ ಎಷ್ಟು ಆಳದಲ್ಲಿರಬೇಕು?

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ
ನಮಸ್ಕಾರ. 67ಪಿ ಚುರ್ಯುಮೊವ್-ಗೆರಾಸಿಮೆಂಕೊ ಧೂಮಕೇತುವಿನ ಮೇಲ್ಮೈ ಕೆಳಗಿನ ತಾಪಮಾನವನ್ನು ಏಕ ಆಯಾಮದ ಉಷ್ಣವಹನ ಸಮೀಕರಣದಿಂದ ಲೆಕ್ಕ ಹಾಕುತ್ತಿದ್ದೇನೆ. ಮಾದರಿಯ ತಳವನ್ನು, ಅಂದರೆ ಲೆಕ್ಕ ನಿಲ್ಲುವ ಕೆಳಗಡಿಯನ್ನು, 20 ಸೆಂ.ಮೀ. ಆಳದಲ್ಲಿಟ್ಟು, ಅಲ್ಲಿ ಉಷ್ಣಪ್ರವಾಹ ಸೊನ್ನೆ ಎಂದು ಹಿಡಿದಿದ್ದೇನೆ. ಮೇಲಿನ ಪದರಗಳು ಹಗಲು ರಾತ್ರಿಗೆ ತಕ್ಕಂತೆ ಏರಿಳಿಯುತ್ತವೆ. ಆದರೆ ಧೂಮಕೇತು ಸೂರ್ಯನತ್ತ ಸಾಗಿದಂತೆ ತಳದ ತಾಪಮಾನ ಎಲ್ಲಿಯೂ ನೆಲೆಗೊಳ್ಳದೆ ಏರುತ್ತಲೇ ಇದೆ. ದೋಷ ಎಲ್ಲಿದೆ?

ಭೌತಶಾಸ್ತ್ರ ಉಪನ್ಯಾಸಕ, ಬೆಳಗಾವಿ
ಸಮೀಕರಣ ಸರಿಯಾಗಿದೆ, ತಳ ತೀರಾ ಮೇಲಿದೆ. ಉಷ್ಣದ ಅಲೆ ಇಳಿಯುವ ಆಳವು ಅದರ ಅವಧಿಯ ವರ್ಗಮೂಲವನ್ನು ಅವಲಂಬಿಸಿದೆ. ನಮ್ಮ ಎರೆಹೊಲದಲ್ಲಿ ಮೇ ತಿಂಗಳ ಮಧ್ಯಾಹ್ನ ಮೇಲ್ಮಣ್ಣು ಸುಡುತ್ತಿದ್ದರೂ ಎರಡು ಗೇಣು ಅಗೆದರೆ ಮಣ್ಣು ತಣ್ಣಗಿರುತ್ತದೆ, ಆದರೆ ಆ ಮಣ್ಣೂ ಜನವರಿಗಿಂತ ಬೆಚ್ಚಗಿರುತ್ತದೆ, ಏಕೆಂದರೆ ಅಲ್ಲಿಗೆ ದಿನದ ಅಲೆ ತಲುಪದಿದ್ದರೂ ವರ್ಷದ ಅಲೆ ತಲುಪುತ್ತದೆ. 67ಪಿ ಸುಮಾರು 12.4 ಗಂಟೆಗೊಮ್ಮೆ ತನ್ನ ಸುತ್ತ ತಿರುಗಿದರೆ, ಸೂರ್ಯನನ್ನು ಸುತ್ತಲು ಸುಮಾರು 6.45 ವರ್ಷ ತೆಗೆದುಕೊಳ್ಳುತ್ತದೆ. ಉಷ್ಣಜಡತ್ವವನ್ನು (ತಾಪಮಾನದ ಬದಲಾವಣೆಗೆ ವಸ್ತು ಒಡ್ಡುವ ಪ್ರತಿರೋಧದ ಅಳತೆ) ಎಸ್‌ಐ ಮಾನದಲ್ಲಿ 30, ಸಾಂದ್ರತೆಯನ್ನು ಘನಮೀಟರಿಗೆ 533 ಕೆ.ಜಿ., ವಿಶಿಷ್ಟೋಷ್ಣವನ್ನು 500 ಎಂದು ಹಿಡಿದರೆ, ದಿನದ ಅಲೆ ಶೇ. 37ಕ್ಕೆ ಕುಗ್ಗುವ ಆಳ ಸುಮಾರು 1.3 ಸೆಂ.ಮೀ., ಕಕ್ಷೆಯ ಅಲೆಗೆ ಅದೇ ಆಳ ಸುಮಾರು 90 ಸೆಂ.ಮೀ. ಬರುತ್ತದೆ. ನಿಮ್ಮ ತಳದ ಕೆಳಗೆ ಈ ಎರಡನೆಯ ಅಲೆಯ ಉಷ್ಣವನ್ನು ಹೀರಿಕೊಳ್ಳುವ ತಣ್ಣನೆಯ ಒಡಲೇ ಇಲ್ಲ. ತಳವನ್ನು ಐದಾರು ಮೀಟರಿಗೆ ಇಳಿಸಿ; ಪದರಗಳನ್ನು ಮೇಲೆ ಮಿಲಿಮೀಟರಿನಷ್ಟು ತೆಳುವಾಗಿಟ್ಟು ಕೆಳಕ್ಕೆ ಹೋದಂತೆ ದಪ್ಪವಾಗಿಸಿ; ಆರಂಭದ ತಾಪಮಾನದ ಪ್ರಭಾವ ಅಳಿಯುವವರೆಗೆ ಹಲವು ಕಕ್ಷೆಗಳನ್ನು ಓಡಿಸಿ. ಕ್ರ್ಯಾಂಕ್-ನಿಕಲ್ಸನ್ ವಿಧಾನ (ಸಮೀಕರಣವನ್ನು ಸಮಯದ ಹೆಜ್ಜೆಗಳಲ್ಲಿ ಬಿಡಿಸುವ ಒಂದು ಕ್ರಮ) ಬಳಸಿದರೆ ಸಮಯದ ಹೆಜ್ಜೆಯನ್ನು ಅತಿ ಚಿಕ್ಕದಾಗಿಸುವ ಒತ್ತಡ ಇರುವುದಿಲ್ಲ.

ಸಂಶೋಧನಾ ವಿದ್ಯಾರ್ಥಿ, ಬಾಗಲಕೋಟೆ
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ಇದು ಅಷ್ಟೇ ಮುಖ್ಯ. ರಂಧ್ರಮಯ ಧೂಳಿನಲ್ಲಿ ಕಣದಿಂದ ಕಣಕ್ಕೆ ವಿಕಿರಣದ ಮೂಲಕವೂ ಉಷ್ಣ ಹರಿಯುವುದರಿಂದ ಉಷ್ಣವಾಹಕತೆಯ ಒಂದು ಭಾಗ ತಾಪಮಾನದ ಘನದಂತೆ ಏರುತ್ತದೆ. ಹಗಲಿನಲ್ಲಿ ಸುಲಭವಾಗಿ ಒಳಹೊಕ್ಕ ಉಷ್ಣ ರಾತ್ರಿ ಅಷ್ಟೇ ಸುಲಭವಾಗಿ ಹೊರಬರಲಾರದು. ಚಂದ್ರನ ಮೇಲೆ 1971ರಲ್ಲಿ ಅಪೊಲೊ 15 ಗಗನಯಾತ್ರಿಗಳು ನೆಟ್ಟ ಮಾಪಕಗಳು ಇದೇ ಪರಿಣಾಮವನ್ನು ತೋರಿಸಿದವು: 35 ಸೆಂ.ಮೀ. ಆಳದ ಸರಾಸರಿ ತಾಪಮಾನ ಮೇಲ್ಮೈಯ ಸರಾಸರಿಗಿಂತ 40 ಕೆಲ್ವಿನ್ ಅಥವಾ ಅದಕ್ಕಿಂತ ಹೆಚ್ಚಿತ್ತು. ಆದ್ದರಿಂದ ಮೇಲ್ಮೈಯ ಸರಾಸರಿಯನ್ನೇ ಒಡಲಿನ ಆರಂಭದ ತಾಪಮಾನವೆಂದು ಕೊಡಬೇಡಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ
ಧನ್ಯವಾದಗಳು ಸರ್. ಉಷ್ಣಜಡತ್ವ 30 ಎಂಬುದನ್ನು ಇಡೀ ಧೂಮಕೇತುವಿಗೆ ಬಳಸಬಹುದೇ?

ಭೌತಶಾಸ್ತ್ರ ಉಪನ್ಯಾಸಕ, ಬೆಳಗಾವಿ
ಬಳಸಬಾರದು. 67ಪಿಯ ಅಧ್ಯಯನಕ್ಕೆ ಹೋಗಿದ್ದ ರೊಸೆಟ್ಟಾ ನೌಕೆಯ ಮಿರೊ ಎಂಬ ಸೂಕ್ಷ್ಮತರಂಗ ಉಪಕರಣದ ಅಳತೆಗಳಿಂದ ಸುಮಾರು 10ರಿಂದ 50 ಎಂಬ ಅಂದಾಜು ಬಂದರೆ, 2014ರ ನವೆಂಬರ್‌ನಲ್ಲಿ ಧೂಮಕೇತುವಿನ ಮೇಲೆ ಇಳಿದ, ರೊಸೆಟ್ಟಾ ಹೊತ್ತೊಯ್ದಿದ್ದ ಫಿಲೆ ಲ್ಯಾಂಡರಿನ ಮೂಪಸ್ ಉಪಕರಣ ತಾನಿದ್ದ ಜಾಗದಲ್ಲಿ 85 (35 ಹೆಚ್ಚುಕಡಿಮೆ) ಎಂದು ತೋರಿಸಿತು. ಈ ಎರಡು ತುದಿಗಳಿಗೂ ಮಾದರಿಯನ್ನು ಪ್ರತ್ಯೇಕವಾಗಿ ಓಡಿಸಿ. ಮಿರೊ ದತ್ತಾಂಶದೊಂದಿಗೆ ಹೋಲಿಸುವಾಗ ಮೇಲ್ಮೈ ತಾಪಮಾನವನ್ನು ಬಳಸಬೇಡಿ, 0.5 ಮತ್ತು 1.6 ಮಿ.ಮೀ. ತರಂಗಾಂತರಗಳ ಆ ಉಪಕರಣ ಮೇಲ್ಮೈಯ ಕೆಳಗಿನ ಪದರಗಳಿಂದ ಬರುವ ವಿಕಿರಣವನ್ನೂ ಗ್ರಹಿಸುತ್ತಿತ್ತು, ಹಾಗಾಗಿ ನಿಮ್ಮ ಪದರಗಳ ತಾಪಮಾನವನ್ನು ಆಳಕ್ಕೆ ತಕ್ಕ ತೂಕ ಕೊಟ್ಟು ಕೂಡಿದ ಮೇಲಷ್ಟೇ ಹೋಲಿಸಬೇಕು.