ಪ್ರಶ್ನೋತ್ತರ: ನಮ್ಮ ಮನಸ್ಸಿಗೆ ಒಪ್ಪುವ ದೇಶ ಯಾವುದು?

ಗುಂಪಿನ ನಿರ್ವಾಹಕರು: ಹೊರದೇಶದಲ್ಲಿ ನೆಲೆಸುವ ಯೋಚನೆ ಇರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಇವತ್ತಿನ ಪ್ರಶ್ನೋತ್ತರ. ಯಾರ ಜೊತೆ ಬಾಳಬೇಕು, ಯಾವ ಜಾತಿ, ಯಾವ ದೇವರು ಅಂತ ಕೆಣಕದೆ ಮನುಷ್ಯರನ್ನು ಅವರ ಪಾಡಿಗೆ ಬಿಡುವ ದೇಶ ಹುಡುಕುವುದು ಹೇಗೆ ಅನ್ನೋದು ವಿಷಯ. ಉತ್ತರ ಕೊಡುವವರು ಹುಬ್ಬಳ್ಳಿಯಲ್ಲಿ ವೀಸಾ ಕಾಗದಪತ್ರದ ಕೆಲಸ ನೋಡುವ ವಕೀಲೆ. ಹೆಸರು ಬೇಡ, ಊರು ಅಥವಾ ಬಡಾವಣೆ ಬರೆದರೆ ಸಾಕು.

ವಿದ್ಯಾನಗರ: ಮೇಡಂ ನಮಸ್ಕಾರ. ನೇರವಾಗಿ ಕೇಳ್ತೇನೆ. ಉದಾರ ಮನೋಭಾವದವರಿಗೆ ಯಾವ ದೇಶ ಬೆಸ್ಟ್?

ವಕೀಲೆ: ನಮಸ್ಕಾರ. ಎಲ್ಲರಿಗೂ ಬೆಸ್ಟ್ ಅನ್ನುವ ದೇಶ ಇಲ್ಲ. ನಿಮಗೆ ಬೇಕಾಗಿರುವುದು ಏನು, ಅದನ್ನು ಮೊದಲು ಹೇಳಿ. ಸ್ವೀಡನ್‌ನಲ್ಲಿ ಮಗು ಹುಟ್ಟಿದರೆ ತಂದೆ-ತಾಯಿಗೆ ಸೇರಿ 480 ದಿನದ ರಜೆ ಭತ್ಯೆ ಇದೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅಮ್ಮನಿಗೆ ಬಿಟ್ಟುಕೊಡೋಕೆ ಬರಲ್ಲ. ತುಂಬಾ ಒಳ್ಳೆಯದು. ಆದರೆ ನೀವು ಯಾವ ವೀಸಾದಲ್ಲಿ ಹೋಗ್ತೀರಿ, ಆ ವೀಸಾದಲ್ಲಿ ಜೊತೆಗೆ ಬಂದವರಿಗೆ ಯಾವ ಹಕ್ಕು ಸಿಗುತ್ತೆ, ಕೆಲಸ ಹೋದರೆ ಏನಾಗುತ್ತೆ? ಇದನ್ನು ನೋಡದೆ ದೇಶದ ಹೆಸರು ನೋಡಿ ಹೊರಟವರು ಅಲ್ಲಿ ಹೋಗಿ ಪರದಾಡುತ್ತಾರೆ.

ಗೋಕುಲ ರೋಡ್: ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಇಲ್ಲದೆ ಕೆನಡಾ ಪಿಆರ್ (ಕಾಯಂ ವಾಸದ ಪರವಾನಗಿ) ಆಗುತ್ತಾ ಮೇಡಂ?

ವಕೀಲೆ: ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕ ಲೆಕ್ಕ ಹಾಕಿ ಪಿಆರ್‌ಗೆ ಆರಿಸುವ ದಾರಿಯಲ್ಲಿ, ಭಾಷಾ ಪರೀಕ್ಷೆ ಕಡ್ಡಾಯ. ಇಂಗ್ಲಿಷ್ ಅಥವಾ ಫ್ರೆಂಚ್.

ರಾಣೆಬೆನ್ನೂರು: ನನಗೆ 46. ಹೈಸ್ಕೂಲ್ ಮೇಷ್ಟ್ರು. ಕೆನಡಾ ನೋಡಬಹುದಾ?

ವಕೀಲೆ: ಕಷ್ಟ. ಅಲ್ಲಿ ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರ ವಯಸ್ಸಿಗೆ 110 ಅಂಕ. 45 ಆದ ಮೇಲೆ ವಯಸ್ಸಿನ ಅಂಕ ಸೊನ್ನೆ.

ಸಪ್ತಾಪುರ: ಮೇಡಂ, ಇದನ್ನು ಇಲ್ಲಿ ಕೇಳಬೇಕೋ ಬೇಡವೋ ಗೊತ್ತಿಲ್ಲ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಗೆಳತಿ ಸ್ಟಾಫ್ ನರ್ಸ್. ಮೂರು ವರ್ಷದಿಂದ ಒಂದೇ ಮನೆಯಲ್ಲಿ ಗಂಡ-ಹೆಂಡತಿ ಬಾಳುವ ಹಾಗೆ ಬಾಳುತ್ತಿದ್ದೇವೆ. ಮನೆ ಮಾಲೀಕರಿಗೆ ಅಕ್ಕ-ತಂಗಿ ಅಂತ ಹೇಳಿದ್ದೇವೆ. ಒಬ್ಬ ಏಜೆಂಟ್ ಕೆನಡಾ ಅರ್ಜಿಯಲ್ಲಿ ‘ಸಿಂಗಲ್ ಅಂತ ಬರೀರಿ, ಪಿಆರ್ ಆದಮೇಲೆ ಅವರನ್ನು ಕರೆಸಿಕೊಳ್ಳಿ’ ಅಂದಿದ್ದಾರೆ. ಸಹಿ ಮಾಡಲಾ?

ವಕೀಲೆ: ಸಹಿ ಮಾಡಬೇಡಿ ತಂಗಿ. ನೀವು ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೀತೇನೆ, ನಿಧಾನಕ್ಕೆ ಓದಿ.

ಕೆನಡಾದಲ್ಲಿ 2005ರಿಂದ ಇಬ್ಬರು ಹೆಂಗಸರು ಮದುವೆಯಾಗಬಹುದು. ಅದಕ್ಕಿಂತ ನಿಮಗೆ ಮುಖ್ಯವಾದದ್ದು ಇನ್ನೊಂದಿದೆ. ಮದುವೆ ಆಗದಿದ್ದರೂ 12 ತಿಂಗಳು ಸತತ ಸಂಗಾತಿಗಳಾಗಿ ಒಟ್ಟಿಗೆ ಬಾಳಿದ್ದರೆ ಅವರ ಕಾನೂನಿನಲ್ಲಿ ನೀವು ‘ಕಾಮನ್ ಲಾ ಪಾರ್ಟ್‌ನರ್’. ಗಂಡೋ ಹೆಣ್ಣೋ ಅಂತ ನೋಡುವುದಿಲ್ಲ. ನೀವು ಮೂರು ವರ್ಷ ಬಾಳಿದ್ದೀರಿ. ಅಂದರೆ ನೀವು ‘ಸಿಂಗಲ್’ ಅಂತ ಬರೆದರೆ ಅದು ಸುಳ್ಳು ಮಾಹಿತಿ. ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ಬಂದ್. ಸಿಕ್ಕಿಬೀಳದಿದ್ದರೂ ತೊಂದರೆ ತಪ್ಪಲ್ಲ. ಅರ್ಜಿಯಲ್ಲಿ ತೋರಿಸದ ಸಂಗಾತಿಯನ್ನು ಆಮೇಲೆ ಕುಟುಂಬದವರು ಅಂತ ಕರೆಸಿಕೊಳ್ಳಲು ಸಾಮಾನ್ಯವಾಗಿ ಬರಲ್ಲ. ನಿಮ್ಮನ್ನು ಒಟ್ಟಿಗೆ ಕಳಿಸ್ತೇನೆ ಅಂತ ಹೇಳಿ ಆ ಏಜೆಂಟ್ ನಿಮ್ಮನ್ನು ಬೇರೆ ಮಾಡುತ್ತಿದ್ದಾರೆ. ಇಂಥ ಸಲಹೆ ಕೇಳಿದರೆ ನನಗೆ ಬಹಳ ಸಿಟ್ಟು ಬರುತ್ತೆ.

ಈಗ ಸಾಕ್ಷಿಯ ವಿಷಯ. ನಮ್ಮ ಕಡೆ ಬಾಡಿಗೆ ಕರಾರು 11 ತಿಂಗಳಿಗೇ ಮಾಡುತ್ತಾರೆ, ನೋಂದಣಿ ತಪ್ಪಿಸೋಕೆ. ನಿಮಗೆ ಬೇಕಾಗಿರುವುದು 12 ತಿಂಗಳ ಲೆಕ್ಕ. ಹಾಗಾಗಿ ಒಂದು ಕರಾರು ಸಾಲದು, ನವೀಕರಣ ಮಾಡಿದ ಕರಾರೂ ಬೇಕು. ಎರಡರಲ್ಲೂ ಇಬ್ಬರ ಹೆಸರಿದ್ದರೆ ಚಲೋ. ಒಬ್ಬರದ್ದೇ ಇದ್ದರೆ ಮುಂದಿನ ಸಲ ಸೇರಿಸಿ. ಮಾಲೀಕರಿಂದ ಪತ್ರ ಮಾತ್ರ ತಗೋಬೇಡಿ. ಅವರು ‘ಅಕ್ಕ-ತಂಗಿ’ ಅಂತ ಬರೆದುಕೊಟ್ಟರೆ ಉಳಿದ ಕಾಗದವೂ ಸಂಶಯಕ್ಕೆ ಬರುತ್ತೆ.

ಜಂಟಿ ಖಾತೆ ತೆರೆಯಿರಿ. ಇದಕ್ಕೆ ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟ ಮಾಡಿದೆ. ಇಂಥ ಸಂಗಾತಿಯನ್ನು ಖಾತೆಗೆ ನಾಮಿನಿ ಮಾಡಬಹುದು ಅಂತಲೂ ಹೇಳಿದೆ. ಬ್ಯಾಂಕಿನವರು ತಕರಾರು ತೆಗೆದರೆ ಅದನ್ನೇ ತೋರಿಸಿ. ಗ್ಯಾಸ್ ಬುಕ್, ಮೊಬೈಲ್ ಬಿಲ್, ಇಬ್ಬರ ಹೆಸರಿಗೂ ಅದೇ ವಿಳಾಸಕ್ಕೆ ಬಂದ ಟಪಾಲು, ಎಲ್ಲ ಒಂದು ಫೈಲಿನಲ್ಲಿ ತಿಂಗಳವಾರು ಇಡಿ. ಇದರ ಜೊತೆ ಐಎಂಎಂ 5409 ಅನ್ನುವ ಪ್ರಮಾಣಪತ್ರದ ನಮೂನೆ ಇದೆ, ಇಬ್ಬರೂ ಸಹಿ ಹಾಕಬೇಕು.

ಜರ್ಮನಿ ಬೇರೆ ಕಥೆ. ಅಲ್ಲಿ 2017ರ ಅಕ್ಟೋಬರ್‌ನಿಂದ ಇಬ್ಬರು ಹೆಂಗಸರ ಮದುವೆ ಕಾನೂನುಬದ್ಧ. ಆದರೆ ಮದುವೆಯಾಗದ ಸಂಗಾತಿಗೆ ಕುಟುಂಬ ವೀಸಾ ಕೊಡುವುದಿಲ್ಲ. ನಮ್ಮಲ್ಲಿ ಮದುವೆ ನೋಂದಣಿ ಆಗಲ್ಲ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಾಗಾದರೆ ದಾರಿ ಇಲ್ಲವಾ? ಇದೆ. ಇಬ್ಬರೂ ಅವರವರ ಕಾಲ ಮೇಲೆ ಹೋಗಿ. ಜರ್ಮನಿಗೆ ನರ್ಸ್‌ಗಳು ಬೇಕಾಗಿದ್ದಾರೆ. ಜರ್ಮನ್ ಭಾಷೆ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟಕ್ಕೆ ಬರಬೇಕು, ನರ್ಸಿಂಗ್ ಸರ್ಟಿಫಿಕೇಟಿಗೆ ಅಲ್ಲಿ ಮಾನ್ಯತೆ ಸಿಗಬೇಕು. ನೀವು ಸಾಫ್ಟ್‌ವೇರ್ ಕೆಲಸ ಹಿಡಿದು, ಓದಿದವರಿಗೆ ಕೊಡುವ ಕೆಲಸದ ವೀಸಾ ಆದ ಬ್ಲೂ ಕಾರ್ಡ್‌ನಲ್ಲಿ ಹೋಗಬಹುದು. ಅಲ್ಲಿ ಹೋದ ಮೇಲೆ ಮದುವೆಯಾಗಿ.

ನನ್ನನ್ನು ಕೇಳಿದರೆ ಎರಡನೆಯದೇ ಗಟ್ಟಿ. ಒಬ್ಬರ ವೀಸಾಕ್ಕೆ ಇನ್ನೊಬ್ಬರು ಜೋತುಬಿದ್ದು ಹೋದರೆ, ಮನಸ್ತಾಪ ಬಂದ ದಿನ ಜೋತುಬಿದ್ದವರಿಗೆ ನೆಲ ಇರಲ್ಲ. ಜರ್ಮನಿಯಲ್ಲೇ ಗಂಡ ಅಥವಾ ಹೆಂಡತಿಯ ವೀಸಾದಲ್ಲಿ ಹೋದವರು ಬೇರೆಯಾದ ಮೇಲೂ ಸ್ವಂತ ಹಕ್ಕಿನಿಂದ ಉಳಿಯಬೇಕಾದರೆ ಸಾಮಾನ್ಯವಾಗಿ ಅಲ್ಲಿ ಮೂರು ವರ್ಷ ಸಂಸಾರ ಮಾಡಿರಬೇಕು. ನಿಮ್ಮ ಗೆಳತಿಗೆ ಕೈಯಲ್ಲಿ ಕಸುಬಿದೆ. ಅವರನ್ನು ಯಾರ ಬೆನ್ನಿಗೂ ಕಟ್ಟಬೇಡಿ, ನಿಮ್ಮ ಬೆನ್ನಿಗೂ ಸಹ.

ಸಪ್ತಾಪುರ: ಅಕ್ಕಾವ್ರೆ, ತುಂಬಾ ಉಪಕಾರ ಆಯಿತು. ಏಜೆಂಟ್‌ಗೆ ಮುಂಗಡ ಕೊಟ್ಟುಬಿಟ್ಟಿದ್ದೇವೆ. ಆಮೇಲೆ ಬರೀತೇನೆ.

ಗದಗ: ಗುಂಪಿನಲ್ಲಿ ಹೆಣ್ಣುಮಕ್ಕಳು, ಹಿರಿಯರು ಎಲ್ಲರೂ ಇದ್ದಾರೆ. ಇಂಥ ವಿಷಯ ಖಾಸಗಿಯಾಗಿ ಕೇಳಬಹುದಲ್ಲ.

ಕೇಶ್ವಾಪುರ: ಅಲ್ರಿ ಸರ್, ವಿಷಯವೇ ಅದು ಅಂತ ಮೇಲೆ ಬರೆದಿದೆ. ಕೇಳಿದ್ದರಲ್ಲಿ ತಪ್ಪೇನಿದೆ?

ಬೆಟಗೇರಿ: *(ಫಾರ್ವರ್ಡ್)* ಐಸ್‌ಲ್ಯಾಂಡ್ ಹುಡುಗಿಯನ್ನು ಮದುವೆಯಾದರೆ ಅಲ್ಲಿನ ಸರ್ಕಾರ ತಿಂಗಳಿಗೆ 5000 ಡಾಲರ್ ಕೊಡುತ್ತದೆ!! ಎಲ್ಲರಿಗೂ ಕಳಿಸಿ!!

ವಕೀಲೆ: ಇದು 2016ರಿಂದ ಓಡಾಡುತ್ತಿರುವ ಸುಳ್ಳು. ಅಂಥ ಯೋಜನೆಯೇ ಇಲ್ಲ. ದಯವಿಟ್ಟು ಅಳಿಸಿ.

ನವನಗರ: ಮಗಳಿಗೆ ಅಮೆರಿಕದ ಗಂಡು ಬಂದಿದೆ, ಎಚ್-1ಬಿ ಕೆಲಸದ ವೀಸಾ ಅಂತೆ. ಮಗಳು ಎಂಸಿಎ. ಅಲ್ಲಿ ಹೆಣ್ಣಿಗೆ ಸ್ವಾತಂತ್ರ್ಯ ಜಾಸ್ತಿ ಅಂತಾರೆ. ಅವಳು ಕೆಲಸ ಮಾಡಬಹುದಾ?

ವಕೀಲೆ: ಹೋದ ತಕ್ಷಣ ಆಗಲ್ಲ ಅಮ್ಮಾ. ಅವಳು ಹೋಗುವುದು ಎಚ್-4ನಲ್ಲಿ, ಅಂದರೆ ಗಂಡನ ವೀಸಾಕ್ಕೆ ಜೋಡಿಸಿದ ವೀಸಾದಲ್ಲಿ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಅನ್ನುವ ಅರ್ಜಿ ಮಂಜೂರಾಗಿದ್ದರೆ ಸಾಮಾನ್ಯವಾಗಿ ಕೆಲಸದ ಪರವಾನಗಿ ಕೇಳಬಹುದು. ‘ಐ-140 ಆಗಿದೆಯಾ’ ಅಂತ ಹುಡುಗನನ್ನೇ ಕೇಳಿ, ನಾಚಿಕೆ ಬೇಡ. ಮಗಳ ಪಾಸ್‌ಪೋರ್ಟ್ ಮತ್ತು ಸರ್ಟಿಫಿಕೇಟ್ ಮಗಳ ಕೈಯಲ್ಲೇ ಇರಲಿ.

ನವನಗರ: ಕೇಳಿದರೆ ಸಂಬಂಧ ಮುರಿದುಬಿದ್ದರೆ?

ಹಾವೇರಿ: ಮೇಡಂ, ನನ್ನ ಪ್ರಶ್ನೆ ಸಣ್ಣದು. ಜಾತಿ ಕೇಳದ ದೇಶ ಯಾವುದು? ನಾನು ಎಂಟೆಕ್ ಮಾಡಿದ್ದೇನೆ. ಇಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ’ ಅಂತ.

ವಕೀಲೆ: ಪ್ರಶ್ನೆ ಸಣ್ಣದಲ್ಲ. ಅಲ್ಲಿನವರು ಜಾತಿ ಕೇಳಲ್ಲ, ಅವರಿಗೆ ಅದು ಗೊತ್ತಿಲ್ಲ. ಆದರೆ ನಮ್ಮವರು ಜಾಸ್ತಿ ಇರುವ ಕಡೆ ಜಾತಿಯೂ ಅವರ ಜೊತೆಗೇ ಬಂದಿರುತ್ತೆ. ಅದಕ್ಕೇ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕದಲ್ಲಿ ಅದೇ ಮೊದಲ ನಗರ. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ನೀವು ಎಂಟೆಕ್ ಅಂದಿರಿ, ಕಂಪನಿಯ ನಿಯಮಾವಳಿಯಲ್ಲಿ ತಾರತಮ್ಯದ ಪಟ್ಟಿಯೊಳಗೆ ‘ಜಾತಿ’ ಅನ್ನುವ ಪದ ಇದೆಯಾ ನೋಡಿ. ಇದ್ದರೆ ದೂರು ಕೊಡೋಕೆ ಆಧಾರ ಇರುತ್ತೆ.

ಗದಗ: ಎಂಟುನೂರು ವರ್ಷದ ಹಿಂದೆಯೇ ಬಸವಣ್ಣನವರು ಜಾತಿ ಬೇಡ ಅಂದ ನೆಲ ಇದು. ಸಮಾನತೆ ಕಲಿಯಲು ಸಿಯಾಟಲ್‌ಗೆ ಹೋಗಬೇಕಾ?

ಹಾವೇರಿ: ಆ ಬಸವಣ್ಣನವರ ಕಾಲದಲ್ಲೇ ಹರಳಯ್ಯ, ಮಧುವರಸರು ಮಕ್ಕಳ ಮದುವೆ ಮಾಡಿದ್ದಕ್ಕೆ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಅದನ್ನೂ ನೆನಪಿಡಿ ಸರ್.

ಗದಗ: ಕೊಂದವರು ಶರಣರಲ್ಲ. ಇತಿಹಾಸ ಓದಿ ಮಾತಾಡಿ.

ಹಾವೇರಿ: ಓದಿದ್ದೇನೆ. ನಿಮ್ಮ ಬಡಾವಣೆಯಲ್ಲಿ ನನಗೆ ಮನೆ ಕೊಡಿಸಿ, ಆಮೇಲೆ ವಚನ ಹೇಳಿ.

ಕೇಶ್ವಾಪುರ: ಇಬ್ಬರೂ ಸ್ವಲ್ಪ ತಡೀರಿ. ಐರ್ಲೆಂಡ್ ಬಗ್ಗೆ ಕೇಳಬೇಕಿತ್ತು. ಅದು ಮಡಿವಂತ ಕ್ಯಾಥೊಲಿಕ್ ದೇಶ, ಅಲ್ವಾ? ನಮ್ಮದು ಅಂತರ್ಧರ್ಮೀಯ ಮದುವೆ, ಇನ್ನೂ ರಿಜಿಸ್ಟರ್ ಆಗಬೇಕು.

ವಕೀಲೆ: ಐರ್ಲೆಂಡ್ ಹೆಸರು ಬಂದರೆ ನಮ್ಮ ಕಡೆಯವರಿಗೆ ಸವಿತಾ ಹಾಲಪ್ಪನವರ ನೆನಪಾಗಬೇಕು. ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭಪಾತವಾಗುತ್ತಿತ್ತು, ಗರ್ಭ ತೆಗೆಯಿರಿ ಅಂತ ಅವರೇ ಕೇಳಿಕೊಂಡಿದ್ದರು. ಪಿಂಡದ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ನಂಜೇರಿ ಸತ್ತರು. 31 ವರ್ಷ. ಆ ಸಾವಿನ ಮೇಲೆ ಐರ್ಲೆಂಡ್ ಜನ ಬೀದಿಗೆ ಬಂದರು. 2018ರ ಮೇ 25ರಂದು ಜನಮತ ನಡೆಯಿತು, ಶೇ 66ರಷ್ಟು ಜನ ಗರ್ಭಪಾತದ ನಿಷೇಧ ಕಿತ್ತುಹಾಕಿ ಅಂದರು. 2019ರ ಜನವರಿಯಿಂದ 12 ವಾರದವರೆಗೆ ಅವಕಾಶ ಇದೆ. ಅದಕ್ಕೂ ಮುಂಚೆ 2015ರಲ್ಲಿ ಸಲಿಂಗ ಮದುವೆಯನ್ನೂ ಅಲ್ಲಿ ಜನಮತದಿಂದಲೇ ಒಪ್ಪಿದ್ದರು. ಇದೇ ಹೊತ್ತಿಗೆ ಅಮೆರಿಕ ಹಿಂದಕ್ಕೆ ಹೋಯಿತು, 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ತೆಗೆದುಹಾಕಿ ರಾಜ್ಯಗಳಿಗೆ ಬಿಟ್ಟಿತು. ಅದಕ್ಕೇ ಹಳೇ ಹೆಸರು ನೋಡಿ ದೇಶ ಆರಿಸಬೇಡಿ, ಈಗಿನ ಕಾನೂನು ಓದಿ.

ನಿಮ್ಮ ಮದುವೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿ. 30 ದಿನದ ನೋಟಿಸ್ ಕಚೇರಿಯ ಬೋರ್ಡಿಗೆ ಬೀಳುತ್ತೆ. ಮನೆಯವರಿಂದ ಭಯ ಇದ್ದರೆ ನೋಟಿಸ್ ಕೊಡುವ ಮೊದಲೇ ವಕೀಲರನ್ನು ನೋಡಿ.

ಲೈನ್ ಬಜಾರ್: ಯಾವ ದೇಶ ಬೆಸ್ಟ್ ಅಂತ ಒಂದೇ ಸಾಲಿನಲ್ಲಿ ಹೇಳಿ ಮೇಡಂ, ಇಷ್ಟುದ್ದ ಓದೋಕೆ ಟೈಮ್ ಇಲ್ಲ.

ವಕೀಲೆ: ಮೇಲೆ ಹೇಳಿದ್ದೇನೆ. ಓದಿ.

ಬೆಟಗೇರಿ: *(ಫಾರ್ವರ್ಡ್)* ಸ್ವಾಲ್‌ಬಾರ್ಡ್ ದ್ವೀಪಕ್ಕೆ (ನಾರ್ವೆಗೆ ಸೇರಿದ್ದು) ವೀಸಾ ಬೇಡ, ಯಾರು ಬೇಕಾದರೂ ಹೋಗಿ ಇರಬಹುದು. ಏಜೆಂಟರು ಈ ಗುಟ್ಟು ಹೇಳಲ್ಲ!

ವಕೀಲೆ: ಅಲ್ಲಿಗೆ ವೀಸಾ ಬೇಡ ಅನ್ನುವುದು ನಿಜ. ಆದರೆ ಹೋಗುವ ವಿಮಾನ ನಾರ್ವೆಯ ಮೂಲಕ. ಅದಕ್ಕೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ಹೋಗೋಕೂ ಬರೋಕೂ. ಅಲ್ಲಿ ನಿಮ್ಮನ್ನು ನೀವೇ ಸಾಕಿಕೊಳ್ಳಬೇಕು, ಇಲ್ಲದಿದ್ದರೆ ರಾಜ್ಯಪಾಲರು ವಾಪಸ್ ಕಳಿಸಬಹುದು. ಇಂಥ ಅರ್ಧ ಸತ್ಯ ನಂಬಿ ಹೊಲ ಮಾರಿದವರು ನನ್ನ ಮುಂದೆ ಬಂದು ಕೂತಿದ್ದಾರೆ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಬರೆಯುವುದು ನಿಲ್ಲಿಸ್ತೇನೆ.

ಬೆಟಗೇರಿ: ಗೊತ್ತಾಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಸವಣೂರು: ಉರುಗ್ವೆ ಹೇಗೆ ಮೇಡಂ? ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಹೋಗಬೇಕು.

ವಿದ್ಯಾನಗರ: ಅಲ್ಲಿಯ ಪೌರತ್ವ ತಗೊಂಡು ಇಲ್ಲಿಯದ್ದೂ ಇಟ್ಟುಕೊಳ್ಳಬಹುದಾ?

ವಕೀಲೆ: ಇಲ್ಲ. ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಸಿಗುತ್ತೆ, ಮತ ಹಾಕುವ ಹಕ್ಕು ಸಿಗಲ್ಲ.

ಗದಗ: ಅದನ್ನೇ ನಾನು ಹೇಳೋದು. ಇಲ್ಲಿ ಓದಿ, ಇಲ್ಲಿ ಬೆಳೆದು, ಮತವನ್ನೂ ಬಿಟ್ಟು ಹೋಗುವವರು ಊರಿನ ಬಗ್ಗೆ ತಕರಾರು ಎತ್ತಬಾರದು.

ಹಾವೇರಿ: ಹೋಗೋದು ಯಾಕೆ ಅಂತ ನಿಮಗೆ ಇನ್ನೂ ತಿಳಿದಿಲ್ಲ.

ಗದಗ: ನೀವು ಹೋಗಿ, ಯಾರು ಬೇಡ ಅಂದರು.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ಮಾತು ಅಳಿಸುತ್ತೇನೆ.

ಗೋಕುಲ ರೋಡ್: ಐಇಎಲ್‌ಟಿಎಸ್ ಬೇಡವೇ ಬೇಡ ಅಂತ ಒಬ್ಬರು ಹೇಳ್ತಿದ್ದಾರೆ, ದುಡ್ಡು ಕೊಡಲಾ?

ವಕೀಲೆ: ಕೊಡಬೇಡಿ.

ಸಪ್ತಾಪುರ: ಅಕ್ಕಾವ್ರೆ, ಏಜೆಂಟ್ ಹತ್ತಿರ ಮಾತಾಡಿದೆ. ಫೀಸ್ ಪೂರ್ತಿ ಕೊಡುವವರೆಗೆ ನಮ್ಮಿಬ್ಬರ ಪಾಸ್‌ಪೋರ್ಟ್ ವಾಪಸ್ ಕೊಡಲ್ಲ ಅಂತಿದ್ದಾರೆ. ಜೋರು ಮಾಡಿದರೆ ನಮ್ಮ ವಿಷಯ ಮನೆಯವರಿಗೆ ಹೇಳ್ತಾರೇನೋ ಅಂತ ಹೆದರಿಕೆ.

ವಕೀಲೆ: ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ, 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ. ಫೀಸಿಗೆ ಅಡವು ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟ್‌ಗೂ ಇಲ್ಲ. ಕೆನಡಾ ಅರ್ಜಿಗೆ ದುಡ್ಡು ತಗೊಂಡು ಸಲಹೆ ಕೊಡಬೇಕಾದರೆ ಅಲ್ಲಿನ ಲೈಸೆನ್ಸ್ ಬೇಕು, ಅವರ ನಂಬರ್ ಕೇಳಿ. ಎಲ್ಲವನ್ನೂ ಮೆಸೇಜ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಮನೆಯವರಿಗೆ ಹೇಳ್ತೇನೆ ಅಂತ ಹೆದರಿಸಿ ದುಡ್ಡು ಕೇಳಿದರೆ ಅದು ಅಪರಾಧ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಿಮ್ಮ ಬಾಳುವೆ ಅಪರಾಧವಲ್ಲ. ನಾಳೆ ಬೆಳಿಗ್ಗೆ ನನ್ನ ಆಫೀಸಿಗೆ ಇಬ್ಬರೂ ಬನ್ನಿ, ನೋಟಿಸ್ ನಾನೇ ಬರೆದು ಕೊಡ್ತೇನೆ. ಫೀಸ್ ಬೇಡ. ಆ ಅರ್ಜಿ ಇನ್ನೂ ಆನ್‌ಲೈನ್‌ನಲ್ಲಿ ಸಲ್ಲಿಕೆ ಆಗಿಲ್ಲ ಅನ್ನೋದನ್ನು ಇವತ್ತು ರಾತ್ರಿಯೇ ಖಾತ್ರಿ ಮಾಡಿಕೊಳ್ಳಿ, ಲಾಗಿನ್ ಪಾಸ್‌ವರ್ಡ್ ಬದಲಾಯಿಸಿ.

ಲೈನ್ ಬಜಾರ್: ಹಾಗಾದರೆ ಕೆನಡಾ ಬೆಸ್ಟಾ, ಜರ್ಮನಿ ಬೆಸ್ಟಾ?