ಸಹಾಯ ಬೇಕು: ಊಟಕ್ಕೆ ಕುಳಿತರೆ ಒಂದೇ ಕೆನ್ನೆ ಬೆವರುತ್ತದೆ

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ ಕಿವಿಯ ಮುಂದಿನ ಜೊಲ್ಲುಗ್ರಂಥಿಯ ಗಡ್ಡೆ ತೆಗೆಸಿ ವರ್ಷವಾಯಿತು. ಈಗ ತಿನ್ನುವಾಗ ಬಲಗೆನ್ನೆ ಮಾತ್ರ ಕೆಂಪೇರಿ ಬೆವರಿಳಿಯುತ್ತದೆ. ಮಂಡಕ್ಕಿ ಮಿರ್ಚಿಯ ಖಾರಕ್ಕೆಂದು ನಕ್ಕೆವು. ಬೆಣ್ಣೆ ದೋಸೆಗೂ ಹಾಗೆಯೇ ಆದಾಗ ನಗು ನಿಂತಿತು.

ಫ್ರೇ ಸಿಂಡ್ರೋಮ್ ಎಂದರು ವೈದ್ಯರು: ಜೊಲ್ಲಿನ ನರಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರುಗ್ರಂಥಿಗಳನ್ನು ಸೇರಿವೆಯಂತೆ. ಬೆವರು ತಡೆಯಲು ಕೊಡುವ ಬೊಟುಲಿನಮ್ ಚುಚ್ಚುಮದ್ದಿಗೆ ಮೊದಲು ಬೆವರುವ ಜಾಗ ಗುರುತಿಸಬೇಕು. ಕೆನ್ನೆಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸಿ, ಹುಳಿ ತಿನ್ನಿಸಿದರೆ ಬೆವರಿದಲ್ಲಿ ನೀಲಿಗಪ್ಪು ಕಲೆ ಮೂಡುತ್ತದೆ. 1928ರಷ್ಟು ಹಳೆಯದಾದ, ಮೈನರ್ ಎಂಬ ವೈದ್ಯರ ಹೆಸರಿನ ಈ ಪರೀಕ್ಷೆಯನ್ನು ಇಲ್ಲಿ ಅಥವಾ ಚಿತ್ರದುರ್ಗದಲ್ಲಿ ಯಾರಾದರೂ ಮಾಡಿಸಿದ್ದೀರಾ? ಕಲೆಯ ವಿಸ್ತೀರ್ಣವನ್ನು ಹೇಗೆ ಅಳೆದರು, ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದೋ, ಫೋಟೊದಿಂದಲೋ? ಅಪ್ಪನಿಗೆ ಗಡ್ಡ ಬೇರೆ ದಟ್ಟ, ಬೋಳಿಸಲೇಬೇಕೇ?